ಅಂಚಿಲ್ಲದ ಹುಡುಗಿ

ಫೆಬ್ರವರಿ 2, ಸೋಮವಾರ

ಇವತ್ತು ಅತ್ತೆ ಮತ್ತೆ ತಪ್ಪಿಸಿಕೊಂಡು ಹೋಗಿದ್ದರು. ಈ ಸಲ ಸಿಕ್ಕಿದ್ದು ದೊಡ್ಡ ರಸ್ತೆಯ ಸಿಗ್ನಲ್ ಹತ್ತಿರ, ಎರಡು ಬಸ್ಸುಗಳ ನಡುವೆ. ಕಾಲಲ್ಲಿ ಮಗನ ಚಪ್ಪಲಿ. ಹಾರ್ನ್ ಬಾರಿಸುತ್ತಿದ್ದ ಡ್ರೈವರನಿಗೆ ಕೈಯೆತ್ತಿ "ತಾಳಪ್ಪ, ಊರು ಓಡಿಹೋಗಲ್ಲ" ಎನ್ನುತ್ತಿದ್ದರಂತೆ. ಟ್ರಾಫಿಕ್ ಪೊಲೀಸಿನವನು ಮನೆಯವರೆಗೂ ಕರೆತಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸ್ವಲ್ಪ ನೋಡ್ಕೊಳ್ಳೋಕಾಗಲ್ವೇನಮ್ಮ?" ಅಂದ. ನಾನು ಆಗಷ್ಟೇ ಕೆಲಸದಿಂದ ಬಂದು ಹೆಗಲ ಚೀಲ ಕೂಡ ಇಳಿಸಿರಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಇವರು ಒಳಗೆ ಗೊರಕೆ ಹೊಡೆಯುತ್ತಿದ್ದರು. ರಾತ್ರಿಯೆಲ್ಲ ಬಸ್ಸು ಓಡಿಸಿ ಬಂದವರು ಹಗಲು ಮಲಗದೆ ಇನ್ನೇನು ಮಾಡುತ್ತಾರೆ? ಗೊತ್ತಿದ್ದರೂ ಕೂಗಾಡಿದೆ. ಯಾರ ಮೇಲಾದರೂ ಕೂಗಾಡಬೇಕಿತ್ತು, ಕೈಗೆ ಸಿಕ್ಕವರು ಇವರು.

ಅತ್ತಿಗೆಗೆ, ಅಂದರೆ ಇವರ ಅಕ್ಕನಿಗೆ, ಫೋನಿನಲ್ಲಿ ಎಲ್ಲ ಹೇಳಿದೆವು. "ಸಾಕು. ಆ ವೃದ್ಧಾಶ್ರಮದಲ್ಲಿ ಒಂದು ಹಾಸಿಗೆ ಖಾಲಿಯಾಗಿದೆ, ಹಿಡಿದಿಡಿ ಅಂತ ಹೇಳಿದ್ದೀನಿ. ತಿಂಗಳ ಕೊನೆಗೆ ನಾನೇ ಬಂದು ಅಮ್ಮನ್ನ ಬಿಟ್ಟು ಬರ್ತೀನಿ. ಏನಂತೀರಿ?" ಎಂದು ಕೇಳಿದರು. ಇವರು ನನ್ನ ಮುಖ ನೋಡಿದರು. "ಒಳ್ಳೇದು" ಅಂದೆ.

ಬೇಡ ಎನ್ನಲು ನನಗೇನು ಬಿದ್ದಿದೆ? ಮದುವೆಯಾಗಿ ಈ ಮನೆಗೆ ಬಂದ ದಿನ ನನ್ನನ್ನು ಕಣ್ಣಲ್ಲೇ ಅಳೆದು, "ಭುಜ ಹದಿನಾಲ್ಕು. ಎತ್ತರ ಐದಡಿ ಒಂದಿಂಚು. ಬಟ್ಟೆ ಉಳಿಯುತ್ತೆ" ಅಂದವರು. ಸ್ಕೂಲ್ ಯೂನಿಫಾರ್ಮ್ ಹೊಲಿದು ಮಕ್ಕಳಿಬ್ಬರನ್ನು ದಡ ಸೇರಿಸಿದ ಹೆಂಗಸು, ಎದುರಿಗೆ ಬಂದವರೆಲ್ಲ ಅವರಿಗೆ ಬರೀ ಅಳತೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹೆಸರು ಹಿಡಿದು ಕರೆದಿಲ್ಲ. "ಏ ಹುಡುಗಿ", ಅಷ್ಟೇ. ನಾನು ಫೋಟೋ ಲ್ಯಾಬಿನ ಕೆಲಸದಿಂದ ಬರುವುದು ಸ್ವಲ್ಪ ತಡವಾದರೆ ಸಾಕು, ಹುಬ್ಬು ಗಂಟಿಕ್ಕಿಕೊಂಡು ಗೇಟಿನಲ್ಲೇ ನಿಂತಿರುತ್ತಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನನ್ನ ಕಾಲ ತಿಂಗಳ ಕೊನೆಗೆ ಬರುತ್ತದೆ.

ಫೆಬ್ರವರಿ 4, ಬುಧವಾರ

ಬೀಗ ಹಾಕಿ ನೋಡಿದೆವು. ಕೀಲಿಕೈಯನ್ನು ಇವರು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದರು. ಮುಸ್ಸಂಜೆಯಾಗುತ್ತಿದ್ದಂತೆ ಅತ್ತೆ ಬಾಗಿಲು ಬಡಿಯಲು ಶುರು ಮಾಡಿದ್ದಾರೆ. "ಬಿಡ್ರೋ! ಕತ್ತಲಾಗ್ತಿದೆ, ಹುಡುಗಿ ಇನ್ನೂ ಬಂದಿಲ್ಲ!" ಕೆಳಗಿನ ಮನೆಯವರು ಯಾರನ್ನೋ ಕೊಲ್ಲುತ್ತಿದ್ದಾರೆ ಎಂದುಕೊಂಡು ಮೆಟ್ಟಿಲು ಹತ್ತಿ ಬಂದರಂತೆ. ನಾನು ಬರುವಷ್ಟರಲ್ಲಿ ಅತ್ತೆಯ ಎರಡು ಉಗುರು ಕಿತ್ತುಬಂದು ಬಾಗಿಲಿಗೆಲ್ಲ ರಕ್ತ.

ಬೆರಳಿಗೆ ಬ್ಯಾಂಡೇಜು ಸುತ್ತಿದೆ. ಅಷ್ಟು ಹೊತ್ತೂ ಬಾಗಿಲ ಕಡೆಗೇ ನೋಡುತ್ತಿದ್ದರು. ಹುಡುಗಿ ಎಂದರೆ ಅತ್ತಿಗೆ ಇರಬೇಕು, ಮಗಳ ನೆನಪಾಗಿದೆ ಪಾಪ. "ನಿಮ್ಮ ಮಗಳು ಚೆನ್ನಾಗಿದ್ದಾರೆ, ತಿಂಗಳ ಕೊನೆಗೆ ಬರ್ತಾರೆ" ಅಂದೆ. ನನ್ನನ್ನು ಪಿಳಿಪಿಳಿ ನೋಡಿ, "ನೀವು ಯಾವ ಸ್ಕೂಲಿನವರು? ಅಳತೆ ಕೊಟ್ಟು ಹೋಗಿ" ಅಂದರು.

ಇನ್ನು ಬೀಗ ಹಾಕುವುದಿಲ್ಲ, ಒಳಗಿನಿಂದ ಚಿಲಕ ತೆಗೆದರೆ ತೆರೆಯಲಿ, ಹೊರಗಿನಿಂದ ಬರುವವರಿಗಷ್ಟೇ ಕೀಲಿಕೈ. ಒಳಗೆ ಏನಾದರೂ ಹೊತ್ತಿಕೊಂಡರೆ ಯಾರು ಗತಿ?

ಫೆಬ್ರವರಿ 7, ಶನಿವಾರ

ಇವತ್ತು ನಕ್ಕೆ. ನಕ್ಕು ಎಷ್ಟು ದಿನವಾಗಿತ್ತೋ.

ನಮ್ಮ ಲ್ಯಾಬಿನಲ್ಲಿ ಕೆಟ್ಟ ಪ್ರಿಂಟುಗಳನ್ನು ಎಸೆಯುವುದಿಲ್ಲ, ಯಾರಾದರೂ ಮನೆಗೆ ಒಯ್ದು ಕಪಾಟಿಗೆ ಹಾಸಿಕೊಳ್ಳುತ್ತಾರೆ. ನಾನು ತಂದದ್ದು ಬಟ್ಟೆ ಅಂಗಡಿಯೊಂದಕ್ಕೆ ಮಾಡಿದ ಆಳೆತ್ತರದ ಹೆಂಗಸಿನ ಚಿತ್ರ. ಬಣ್ಣ ಕೆಟ್ಟು ಮುಖ ಹಸಿರು ತಿರುಗಿತ್ತು. ಸುರುಳಿ ನೆಟ್ಟಗಾಗಲಿ ಎಂದು ಟೇಪು ಹಚ್ಚಿ ಗೋಡೆಗೆ ಅಂಟಿಸಿ ಅಡುಗೆಮನೆಗೆ ಹೋದೆ. ಹೊರಗೆ ಅತ್ತೆಯ ದನಿ ಕೇಳಿಸಿತು.

"ಕೂತ್ಕೊಳಿ. ಬಂದಾಗಿಂದ ನಿಂತೇ ಇದೀರಲ್ಲ. ಮೈಗೆ ಹುಷಾರಿಲ್ವಾ? ಮುಖ ಒಂಥರಾ ಹಸಿರಾಗಿದೆ."

ಕುರ್ಚಿಯನ್ನೂ ಎಳೆದು ಹಾಕಿದ್ದರು. ಆಕೆ ಕೂರಲಿಲ್ಲವೆಂದು ಮುನಿಸಿಕೊಂಡು, "ದೊಡ್ಡ ಮನೆಯವರಪ್ಪ" ಎಂದು ಒಳಗೆ ಹೋದರು. ಇವರಿಗೆ ಹೇಳಿದೆ. ಇವರೂ ನಕ್ಕರು, ಆಮೇಲೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

ಅದೇ ಗೋಡೆಯಲ್ಲಿ ಮಾವನವರ ಫೋಟೋ ಇದೆ, ಸುತ್ತ ಬಿಳಿ ಅಂಚು, ಅದರ ಸುತ್ತ ಕಟ್ಟು. ಅದರ ಜೊತೆ ಅತ್ತೆ ಮಾತಾಡಿದ್ದನ್ನು ನಾನು ನೋಡಿಲ್ಲ. ಅದು ಫೋಟೋ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಫೆಬ್ರವರಿ 9, ಸೋಮವಾರ

ಬಸ್ಸಿಳಿದು ಬರುತ್ತಿದ್ದೆ. ದೀಪಗಳು ಆಗಷ್ಟೇ ಹೊತ್ತಿಕೊಂಡಿದ್ದವು. ಸೇತುವೆಯ ಕೆಳಗೆ ಅತ್ತೆ ನಿಂತಿದ್ದರು. ಲಾರಿಗಳು ಅವರ ಸೆರಗಿಗೆ ತಾಗುವಷ್ಟು ಹತ್ತಿರದಲ್ಲಿ ಹೋಗುತ್ತಿದ್ದವು. ಅವರು ಲಾರಿಗಳನ್ನು ನೋಡುತ್ತಿರಲಿಲ್ಲ, ದಾರಿಯಲ್ಲಿ ಬರುವ ಒಬ್ಬೊಬ್ಬ ಹೆಂಗಸಿನ ಭುಜವನ್ನೂ ನೋಡಿ ನೋಡಿ ಬಿಡುತ್ತಿದ್ದರು. ಓಡಿಹೋಗಿ ಕೈ ಹಿಡಿದೆ.

"ಯಾರನ್ನ ಹುಡುಕ್ತಾ ಇದೀರಿ ಅತ್ತೆ?"

"ನಮ್ಮ ಹುಡುಗೀನ. ಫೋಟೋ ಲ್ಯಾಬಲ್ಲಿ ಕೆಲಸ ಅವಳಿಗೆ. ಮಗ ಬಸ್ಸು ತಗೊಂಡು ಹೋಗಿದ್ದಾನೆ. ಕತ್ತಲಾದ್ಮೇಲೆ ಈ ರಸ್ತೆ ಸರಿ ಇಲ್ಲ. ಅವಳಿಗೋ ಬಾಯೊಂದು ಜೋರು, ಒಳಗೆ ಪುಕ್ಕಲು."

ನಾನೇ ಅದು ಅಂದೆ. ಎರಡು ಸಲ ಅಂದೆ.

ಅವರು ನಕ್ಕರು. "ನೀವಾ? ಅವಳಿಗೆ ಇಷ್ಟುದ್ದ ಜಡೆ ಇದೆ. ನೀವು ದೊಡ್ಡವರು, ಹಾಗೆಲ್ಲ ತಮಾಷೆ ಮಾಡಬಾರದು."

ಗೇಟಿನಲ್ಲಿ ಹುಬ್ಬು ಗಂಟಿಕ್ಕಿಕೊಂಡು ನಿಂತಿದ್ದನ್ನು ಇಷ್ಟು ವರ್ಷ ನಾನು ನನ್ನ ಮೇಲಿಟ್ಟ ಕಾವಲು ಎಂದುಕೊಂಡಿದ್ದೆ.

ಇವತ್ತು ಇನ್ನೇನೂ ಬರೆಯಲಾಗುವುದಿಲ್ಲ.

ಫೆಬ್ರವರಿ 12, ಗುರುವಾರ

ಹುಡುಗಿ ಮನೆಯಲ್ಲೇ ಇದ್ದಾಳೆ ಎಂದಾದರೆ ಅತ್ತೆ ಯಾಕೆ ಹೊರಗೆ ಹೋಗುತ್ತಾರೆ? ಇಷ್ಟೇ ಲೆಕ್ಕ.

ಹಳೆಯ ಫೋಟೋ ಹುಡುಕಿ ತೆಗೆದೆ. ಮದುವೆಯಾದ ವರ್ಷ ಇವರು ತೆಗೆದದ್ದು. ಕೆಲಸದಿಂದ ಬಂದು ಬಾಗಿಲಲ್ಲಿ ನಿಂತಿದ್ದೇನೆ, ಒಂದು ಕೈ ಚಿಲಕದ ಮೇಲೆ, ಜಡೆ ಮುಂದಕ್ಕೆ, ಇವರ ಯಾವುದೋ ಕೆಟ್ಟ ಜೋಕಿಗೆ ನಗುತ್ತಿದ್ದೇನೆ. ಮೈಮೇಲೆ ನೀಲಿ ಅಂಗಿ. ಯೂನಿಫಾರ್ಮಿನ ಬಟ್ಟೆಯಲ್ಲಿ ಉಳಿದ ತುಂಡಿನಿಂದ ಅತ್ತೆ ಹೊಲಿದುಕೊಟ್ಟಿದ್ದು. ಉಳಿದಿದ್ದರಲ್ಲಿ ಹೊಲಿದರಲ್ಲ ಎಂದು ಆಗ ಸಿಟ್ಟು ಬಂದಿತ್ತು.

ಮೊದಲು ಅಂಗೈಯಗಲದ ಪ್ರಿಂಟು ತೋರಿಸಿದೆ. "ಅಯ್ಯೋ, ಎಷ್ಟು ಸಣ್ಣಗಾಗಿಬಿಟ್ಟಳು, ಊಟ ಸರಿಯಾಗಿ ಮಾಡ್ತಿಲ್ವಾ?" ಅಂದರು. ಆಮೇಲೆ ದೊಡ್ಡದು ಮಾಡಿಸಿ ತಂದೆ, ಸುತ್ತ ಒಂದು ಬೆರಳಷ್ಟು ಬಿಳಿ ಅಂಚು ಬಿಟ್ಟು. ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು. "ಫೋಟೋ ಚೆನ್ನಾಗಿ ಬಂದಿದೆ" ಎಂದು ವಾಪಸು ಕೊಟ್ಟರು. "ಹುಡುಗಿ ಎಲ್ಲಿ?"

ಅಂಚಿದ್ದರೆ ಫೋಟೋ. ಅಂಚಿರಬಾರದು, ಅಳತೆ ಮೈಯಷ್ಟೇ ಇರಬೇಕು. ಹಾಗೆ ಮಾಡಿ ಬಾಗಿಲ ಒಳಮೈಗೆ ಅಂಟಿಸುತ್ತೇನೆ.

"ಇಷ್ಟೆಲ್ಲ ಯಾಕೆ? ತಿಂಗಳ ಕೊನೆಗೆ ಹೇಗೂ ಹೋಗ್ತಾಳಲ್ಲ" ಅಂದರು ಇವರು. ತಿಂಗಳ ಕೊನೆಯವರೆಗೆ ತಳ್ಳಬೇಕಲ್ಲ, ಅದಕ್ಕೆ. ಬೇರೇನಿಲ್ಲ.

ಫೆಬ್ರವರಿ 15, ಭಾನುವಾರ

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಫೋಟೋವನ್ನು ನಾನೇ ಕಂಪ್ಯೂಟರಿನಲ್ಲಿ ಸರಿ ಮಾಡಿದ್ದೆ. ಅಂಗಿಯ ಒಂದು ಭುಜದ ಹೊಲಿಗೆಯಿಂದ ಇನ್ನೊಂದು ಭುಜದ ಹೊಲಿಗೆಗೆ ಗೆರೆ ಎಳೆದು, ಆ ಗೆರೆ ಸರಿಯಾಗಿ ಹದಿನಾಲ್ಕು ಇಂಚು ಬರುವಂತೆ ಇಡೀ ಚಿತ್ರದ ಅಳತೆ ಹೊಂದಿಸಿದೆ. ಪರದೆಯ ಮೇಲೆ ನೂರಕ್ಕೆ ನೂರು ಎಂದು ಬಂತು. ರೋಲ್ ಪ್ರಿಂಟರ್ ನೋಡಿಕೊಳ್ಳುವವರಿಗೆ ನಾವೆಲ್ಲ ಮಸಿಮಾಮ ಎನ್ನುತ್ತೇವೆ, ಅವರ ಬೆರಳ ತುದಿಗಳಲ್ಲಿ ಸದಾ ನಾಲ್ಕು ಬಣ್ಣ. "ಬಾರ್ಡರ್ ಬೇಡ ಮಾಮ, ಒಂದೆಳೆ ಬಿಳಿಯೂ ಕಾಣಬಾರದು" ಎಂದು ಹೇಳಿ ಕೊಟ್ಟೆ. ಚೆನ್ನಾಗಿ ಮಾಡಿಕೊಟ್ಟರು. ಇವತ್ತು ಮಧ್ಯಾಹ್ನ ಅತ್ತೆ ಮಲಗಿದ್ದಾಗ ಇವರೂ ನಾನೂ ಬಾಗಿಲಿಗೆ ಒಂದು ಗುಳ್ಳೆಯೂ ಏಳದಂತೆ ಅಂಟಿಸಿದೆವು. ನಾನು ದೂರ ನಿಂತು ನೋಡಿದೆ. ಎಷ್ಟು ಚಿಕ್ಕವಳಿದ್ದೆ.

ಮುಸ್ಸಂಜೆ ಅತ್ತೆ ಇವರ ಚಪ್ಪಲಿ ಮೆಟ್ಟಿಕೊಂಡು ಬಂದರು. ಬಾಗಿಲು ನೋಡಿ ನಿಂತರು.

"ಯಾರಿವಳು?"

"ಹುಡುಗಿ ಬಂದಿದ್ದಾಳಲ್ಲ ಅತ್ತೆ" ಅಂದೆ.

"ಇವಳಲ್ಲ." ದನಿ ಏರಿತು. "ಇವಳು ಯಾವಳೋ ಎತ್ತರದವಳು. ನಮ್ಮ ಹುಡುಗಿ ಅಂಗಿ ಹಾಕ್ಕೊಂಡು ನಿಂತಿದ್ದಾಳೆ! ನಾನು ಹದಿನಾಲ್ಕಕ್ಕೆ ಹೊಲಿದಿದ್ದು, ನೋಡಿಲ್ಲಿ, ಭುಜ ಎಲ್ಲಿಗೆ ಹೋಗಿದೆ. ಹೊಲಿಗೆ ಬಿಚ್ಚಿಬಿಟ್ಟಿದ್ದಾಳೆ. ಏ! ಅವಳನ್ನ ಏನ್ ಮಾಡ್ದೆ? ಅಂಗಿ ಹೇಗೆ ಬಂತು ನಿನ್ನ ಹತ್ರ?"

ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಇದ್ದದ್ದು ನಮ್ಮಿಬ್ಬರಿಗೂ ಮರೆತೇಹೋಗಿತ್ತು. ಅವರಿಗೆ ಮರೆತಿರಲಿಲ್ಲ. ನಾನು ಅಡ್ಡ ಹೋದೆ. ನನ್ನನ್ನು ತಳ್ಳಿ ಇವರು ಅಡ್ಡ ಬಂದರು. ಕತ್ತರಿ ಇವರ ಅಂಗೈಯನ್ನು ಸೀಳಿತು. ಆಗಲೂ ಅತ್ತೆ ಮಗನನ್ನು ನೋಡಲಿಲ್ಲ, ಚಿತ್ರದ ಭುಜದಿಂದ ಅಂಗಿ ಬಿಡಿಸಲು ನೋಡುತ್ತಿದ್ದರು, ಹುಡುಗಿ ಹುಡುಗಿ ಎಂದು ಅರಚುತ್ತ.

ಇವರ ಕೈಗೆ ಹೊಲಿಗೆ ಬಿದ್ದಿದೆ. ಸ್ಟೀರಿಂಗ್ ಹಿಡಿಯಲು ಆಗುವುದಿಲ್ಲ, ರಜೆ. ಅತ್ತಿಗೆಗೆ ಸುದ್ದಿ ಹೋಯಿತು. "ತಿಂಗಳ ಕೊನೆ ಬೇಡ, ಬರೋ ಭಾನುವಾರವೇ ಬರ್ತೀನಿ. ಇವತ್ತು ಕೈ, ನಾಳೆ ಕುತ್ತಿಗೆ" ಅಂದರು. ಅದರಲ್ಲಿ ತಪ್ಪೇನಿದೆ?

"ಹೋಗಲಿ ಬಿಡು. ನನ್ನ ಕೈಲಿ ಇನ್ನು ಆಗಲ್ಲ" ಅಂದರು ಇವರು, ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು. "ಇನ್ನೂ ವಾರ ಇದೆಯಲ್ಲ" ಅಂದೆ. ಯಾಕೆ ಹಾಗೆ ಅಂದೆನೋ.

ಫೆಬ್ರವರಿ 17, ಮಂಗಳವಾರ

ಹರಿದ ಪ್ರಿಂಟನ್ನು ಸುತ್ತಿಕೊಂಡು ಲ್ಯಾಬಿಗೆ ಒಯ್ದೆ. ಮೇಜಿನ ಮೇಲೆ ಹಾಸಿ ಅಳತೆ ಟೇಪು ಹಿಡಿದೆ. ಭುಜ ಹದಿನಾಲ್ಕೂ ಮುಕ್ಕಾಲು. ಎತ್ತರ ಐದಡಿ ನಾಲ್ಕಿಂಚು.

ಮತ್ತೆ ಹಿಡಿದೆ. ಅಷ್ಟೇ.

"ಮಾಮ, ನಾನು ಕೊಟ್ಟಿದ್ದು ಹದಿನಾಲ್ಕು."

ಮಸಿಮಾಮ ಕನ್ನಡಕ ಹಣೆಗೇರಿಸಿ ನೋಡಿದರು. "ಉಬ್ಬು" ಅಂದರು. "ಬಾರ್ಡರ್ ಬೇಡ ಅಂದ್ಯಲ್ಲ."

ಉಬ್ಬು! ನನಗೆ ಗೊತ್ತಿಲ್ಲದ್ದೇ? ಲ್ಯಾಬಿನಲ್ಲಿ ದಿನಕ್ಕೆ ಹತ್ತು ಸಲ ಆಡುವ ಮಾತು. ಅಂಚಿಲ್ಲದೆ ಬೇಕು ಎಂದು ಟಿಕ್ ಹಾಕಿದ ಕೂಡಲೇ ಯಂತ್ರ ತನ್ನಷ್ಟಕ್ಕೆ ಚಿತ್ರವನ್ನು ಕಾಗದಕ್ಕಿಂತ ತುಸು ದೊಡ್ಡದಾಗಿ ಹಿಗ್ಗಿಸುತ್ತದೆ, ಎಲ್ಲೂ ಬಿಳಿ ಇಣುಕದಿರಲಿ ಎಂದು. ಕಾಗದದಾಚೆ ಚೆಲ್ಲಿದ್ದು ಹೋಯಿತು. ನನ್ನ ಚಿತ್ರದ ಅಗಲ ಕಾಗದದ ರೋಲಿನ ಅಗಲಕ್ಕಿಂತ ಒಂದಿಂಚು ಕಮ್ಮಿಯಿತ್ತು, ಆದ್ದರಿಂದ ನನ್ನನ್ನು ಇನ್ನೂ ಚೆನ್ನಾಗಿ ಎಳೆದಿದೆ. ಪರದೆ ನೂರಕ್ಕೆ ನೂರು ಎನ್ನುತ್ತಲೇ ಇತ್ತು. ಉಬ್ಬನ್ನು ನಮ್ಮಲ್ಲಿ ಯಾರೂ ತಪ್ಪು ಎಂದು ಲೆಕ್ಕ ಹಿಡಿಯುವುದಿಲ್ಲ. ಫೋಟೋದಲ್ಲಿ ತಾನು ಇದ್ದದ್ದಕ್ಕಿಂತ ದೊಡ್ಡದಾಗಿ ಕಂಡರೆ ಜಗಳಕ್ಕೆ ಬಂದ ಗಿರಾಕಿಯನ್ನು ನಾನಂತೂ ಕಂಡಿಲ್ಲ.

ಮುಕ್ಕಾಲು ಇಂಚಿಗೆ ಜಗಳಕ್ಕೆ ಬಂದವರು ಅತ್ತೆ ಒಬ್ಬರೇ. ಅವರ ಕಣ್ಣಲ್ಲಿ ನಾನು ಅಂದಿನಿಂದ ಇಂದಿನವರೆಗೂ ಕಾಲು ಇಂಚೂ ಆಚೀಚೆ ಆಗಿಲ್ಲ. ಮೇಜಿನ ಮೇಲೆ ಆ ಹರಿದ ಭುಜದ ಹತ್ತಿರ ತಲೆಯಿಟ್ಟು ಅತ್ತುಬಿಟ್ಟೆ. ಮಸಿಮಾಮ ಯಂತ್ರದ ಸದ್ದು ಜೋರಾಗಿದ್ದ ಕಡೆಗೆ ಹೋಗಿ ನಿಂತರು.

ಆಮೇಲೆ ಇಬ್ಬರೂ ಕೂತು ಸರಿ ಮಾಡಿದೆವು. ಸುತ್ತಲಿನ ಬಾಗಿಲು, ಗೋಡೆಗಳನ್ನು ನಾನು ಬೆಳೆಸಿದೆ, ಚಿತ್ರ ರೋಲಿಗಿಂತ ಎಲ್ಲ ಕಡೆ ತುಸು ಅಗಲವಾಗುವ ಹಾಗೆ. ಹಿಗ್ಗಿಸಬೇಡ, ಅಳತೆ ಉಳಿಸು ಎಂಬ ಕಡೆ ಮಾಮ ಟಿಕ್ ಹಾಕಿದರು. ಈಗ ಯಂತ್ರಕ್ಕೆ ಚೆಲ್ಲಲು ಗೋಡೆ ಸಿಗುತ್ತದೆ, ನನ್ನನ್ನು ಎಳೆಯುವುದಿಲ್ಲ.

ಆದರೆ ರೋಲ್ ಮುಗಿದಿದೆ. ಬರುವುದು ಶುಕ್ರವಾರವಂತೆ. ಭಾನುವಾರ ಅತ್ತಿಗೆ.

ಫೆಬ್ರವರಿ 19, ಗುರುವಾರ

ಅಮ್ಮ ಊಟ ಮಾಡುತ್ತಿಲ್ಲ. ಹೊರಗೂ ಹೋಗುತ್ತಿಲ್ಲ. ಬಾಗಿಲ ಕಡೆ ಬೆನ್ನು ಹಾಕಿ ಕೂತು, "ಅವಳನ್ನ ಏನೋ ಮಾಡಿಬಿಟ್ರು. ಅಂಗಿ ಒಂದೇ ಸಿಕ್ಕಿದ್ದು" ಎಂದು ಅಳುತ್ತಾರೆ. ನಾನು ಎದುರಿಗೇ ಕೂತು ಕೈ ಹಿಡಿದುಕೊಂಡರೂ ನನ್ನ ಸಾವಿಗೆ ನನ್ನ ಹತ್ತಿರವೇ ಅಳುತ್ತಾರೆ. ಸಮಾಧಾನ ಹೇಳಬೇಕಾದವಳೂ ನಾನೇ. ಏನೆಂದು ಹೇಳಲಿ?

ಇವರು ಪೆಟ್ಟಿಗೆಗೆ ಅವರ ಬಟ್ಟೆ ತುಂಬುತ್ತಿದ್ದರು, ಒಂದೇ ಕೈಯಲ್ಲಿ. ಕಿತ್ತು ಪಕ್ಕಕ್ಕಿಟ್ಟೆ. "ಈಗಲೇ ಏನವಸರ?" ಅಂದೆ.

ಫೆಬ್ರವರಿ 20, ಶುಕ್ರವಾರ

ರೋಲ್ ಮಧ್ಯಾಹ್ನ ಬಂತು. ಪ್ರಿಂಟು ಒಣಗುವವರೆಗೂ ಯಂತ್ರದ ಪಕ್ಕದಲ್ಲೇ ನಿಂತಿದ್ದೆ. ಟೇಪು ಹಿಡಿದೆ: ಹದಿನಾಲ್ಕು. ಮಾಮನೂ ಹಿಡಿದು ನೋಡಿದರು: ಹದಿನಾಲ್ಕು. ಬೇಗ ಬಿಡಿ ಎಂದು ಕೇಳಿಕೊಂಡು ಓಡಿ ಬಂದೆ. ಮನೆಯಲ್ಲಿದ್ದ ಕತ್ತರಿ, ಚಾಕು, ಕೊನೆಗೆ ಫೋರ್ಕುಗಳನ್ನೂ ಇವರು ಕಪಾಟಿನ ಮೇಲಕ್ಕೆ ಹಾಕಿದ್ದರು. ಮೂರು ಕೈ ಸೇರಿ ಅಂಟಿಸಿದೆವು.

ಅಮ್ಮನ ಭುಜ ಹಿಡಿದು ಮೆಲ್ಲಗೆ ತಿರುಗಿಸಿದೆ. ಇವರು ನನ್ನ ಹಿಂದೆ ಸಿದ್ಧವಾಗಿ ನಿಂತಿದ್ದರು.

ಅವರು ನೋಡಿದರು. ಕಣ್ಣು ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಹೋಯಿತು, ತಲೆಯಿಂದ ಕಾಲಿಗೆ ಇಳಿಯಿತು. ಹುಬ್ಬು ಗಂಟಿಕ್ಕಿತು.

"ಈಗ ಬಂದ್ಯಾ?" ಅಂದರು. "ಹೊತ್ತೂ ಗೊತ್ತೂ ಇಲ್ವಾ ನಿಂಗೆ?"

ಅಷ್ಟೇ. ಎದ್ದು ಒಳಗೆ ಹೋಗಿ ಊಟಕ್ಕೆ ಕೂತರು. ಎರಡು ಸಲ ಬಡಿಸಿಕೊಂಡರು.

ಅದೇ ಹುಬ್ಬು, ಅದೇ ಗಂಟು. ಇವರು ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದರು, ನಾನು ಹೋಗಿ ಪಕ್ಕದಲ್ಲಿ ನಿಂತೆ.

ಫೆಬ್ರವರಿ 22, ಭಾನುವಾರ

ಅತ್ತಿಗೆ ಕಾರು ತಂದಿದ್ದರು. ಬಾಗಿಲು ಮುಚ್ಚಿ ತಿರುಗಿದವರು ಚಿತ್ರ ನೋಡಿ ಬೆಚ್ಚಿಬಿದ್ದರು. "ಇದೇನಿದು? ಬೊಂಬೆ ಅಂಟಿಸಿ ನಮ್ಮಮ್ಮನ್ನ ಮೋಸ ಮಾಡ್ತಾ ಇದೀರಾ? ತಮ್ಮನ ಕೈ ಸೀಳಿದ್ದೂ ಇದೇ ಅಲ್ವಾ?"

"ಅದು ಬೇರೆ. ಅದು ಉಬ್ಬಿತ್ತು" ಅಂದೆ. ಬೇರೆ ಯಾರಿಗಾದರೂ ಹುಚ್ಚು ಎನ್ನಿಸಬೇಕಾದ ಮಾತು. ಅವರಿಗೂ ಅನ್ನಿಸಿತು, ಮುಖದಲ್ಲಿ ಕಂಡಿತು.

ಮಾತಿಗೆ ಮಾತು ಬೆಳೆಯಿತು. ಎರಡು ದಿನ ಸುಮ್ಮನಿದ್ದರೆ ಸಾಕೇ, ಮೂರನೆಯ ದಿನ ಲಾರಿ ಕೆಳಗೆ ಹೋದರೆ ಯಾರು ಹೊಣೆ, ಆ ಹಾಸಿಗೆಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದಾರೆ. "ನೀನೇ ಅಲ್ವೇನಮ್ಮ ಒಳ್ಳೇದು ಅಂದಿದ್ದು?" ಎಂದು ಕೇಳಿದರು. ಇವರು ಅಕ್ಕನ ಮುಖ ನನ್ನ ಮುಖ ನೋಡುತ್ತ ಕೂತಿದ್ದರು. ಕಡೆಗೆ ಅತ್ತಿಗೆ ಎದ್ದರು, ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಅಮ್ಮನ ಕೈ. "ಬಾಮ್ಮ, ನನ್ನ ಜೊತೆ ಒಂದು ಸುತ್ತು ಹೋಗಿ ಬರೋಣ."

ಅಮ್ಮ ಎದ್ದು ಹೊರಟೇಬಿಟ್ಟರು. ಹೊರಗೆ ಕತ್ತಲಾಗುತ್ತಿತ್ತು. ನಾನು ಕುರ್ಚಿ ಹಿಡಿದುಕೊಂಡೆ. ಅತ್ತಿಗೆ ಚಿಲಕಕ್ಕೆ ಕೈ ಹಾಕಿದರು.

ಅಮ್ಮ ಅವರ ಮುಂಗೈ ಹಿಡಿದರು. "ತಾಳಿ. ಹುಡುಗಿ ನಿಂತಿರೋದು ಕಾಣಲ್ವಾ? ತಳ್ಕೊಂಡು ಹೋಗ್ತೀರಾ?"

"ಅಮ್ಮಾ, ಅದು ಕಾಗದ ಕಣೇ."

"ಈಗ ತಾನೇ ಬಂದಿದ್ದಾಳೆ, ಸುಸ್ತಾಗಿದೆ ಅವಳಿಗೆ. ಅವಳನ್ನ ಒಬ್ಬಳನ್ನೇ ಬಿಟ್ಟು ನಾನು ಎಲ್ಲಿಗೂ ಬರಲ್ಲ. ನೀವು ಹೋಗ್ಬನ್ನಿ."

ಮಗಳಿಗೆ ನೀವು ಅಂದರು. ಅತ್ತಿಗೆ ಪೆಟ್ಟಿಗೆಯ ಮೇಲೆಯೇ ಕೂತುಬಿಟ್ಟರು. ನನಗೆ ಕೇಳುವಷ್ಟೇ ಮೆತ್ತಗೆ, "ಹುಡುಗಿ ಹುಡುಗಿ ಅಂತ ಕಾಯೋದು ನನಗೆ ಅಂದ್ಕೊಂಡಿದ್ದೆ ಕಣೆ" ಅಂದರು. ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ ಎಂದು ಹೇಳಲಿಲ್ಲ.

"ಅಮ್ಮ ಎಲ್ಲಿಗೂ ಹೋಗಲ್ಲ ಅತ್ತಿಗೆ" ಅಂದೆ. ಇವರು ನನ್ನನ್ನೇ ನೋಡುತ್ತಿದ್ದರು, ಯಾಕೋ ಗೊತ್ತಿಲ್ಲ.

ಆಶ್ರಮದ ಹಾಸಿಗೆಯನ್ನು ಬೇರೆಯವರಿಗೆ ಕೊಡಲು ಅತ್ತಿಗೆಯೇ ಹೇಳಿದ್ದಾರೆ. ನಾನು ಅಮ್ಮನನ್ನು ಅಡುಗೆಮನೆಗೆ ಕರೆದುಕೊಂಡು ಹೋದಾಗ, ಸದ್ದಾಗದಂತೆ ಬಾಗಿಲು ತೆಗೆದು ಹೊರಟರು.

ಫೆಬ್ರವರಿ 25, ಬುಧವಾರ

ಇವರು ಕೆಲಸಕ್ಕೆ ಹೋಗಲು ಶುರು ಮಾಡಿದ್ದಾರೆ. ಅಮ್ಮ ಹೊರಗೆ ಹೋಗಿಲ್ಲ, ಒಮ್ಮೆಯೂ ಇಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ಇಬ್ಬರೂ ಒಂದೇ ಮನೆಯಲ್ಲಿ ಸುಖವಾಗಿದ್ದಾರೆ ಎಂದು ಇವರ ಹೊಸ ಗಾದೆ. ಇದರಲ್ಲಿ ನಾನು ಹಾವೋ ಕೋಲೋ ಕೇಳಬೇಕು.

ಕಷ್ಟ ನನ್ನದು. ಬಾಗಿಲು ಒಳಕ್ಕೆ ತೆರೆದುಕೊಳ್ಳುತ್ತದೆ. ನಾನು ತಳ್ಳಿದ ಕೂಡಲೇ ಹುಡುಗಿ ಗೋಡೆಯ ಕಡೆಗೆ ತಿರುಗಿ ಮರೆಯಾಗುತ್ತಾಳೆ. "ಮೆಲ್ಲಗೆ! ಅವಳಿಗೆ ತಾಗುತ್ತೆ" ಎಂದು ಗದರಿಸುತ್ತಾರೆ. ಆಮೇಲೆ ಅನುಮಾನದಿಂದ ನೋಡುತ್ತಾರೆ. "ನೀವು ಬಂದ ತಕ್ಷಣ ಅವಳು ಎಲ್ಲಿಗೆ ಹೋಗ್ತಾಳೆ?"

ಬಾಗಿಲು ಮುಚ್ಚಿದರೆ ಮತ್ತೆ ಪ್ರತ್ಯಕ್ಷ. ಅವರ ಮುಖ ಅರಳುತ್ತದೆ. ನನಗೂ ಕೂರಲು ಹೇಳುತ್ತಾರೆ, ಅಳತೆ ಕೊಡಲು ಬಂದವರಿಗೆ ಹೇಳುವ ಹಾಗೆ.

"ಅವಳಿಗೆ ನಾನಂದ್ರೆ ಆಗಲ್ಲ" ಅಂದರು ಇವತ್ತು, ಗುಟ್ಟಿನ ದನಿಯಲ್ಲಿ.

"ಯಾರು ಹೇಳಿದ್ದು?"

"ಹೇಳ್ಬೇಕಾ? ಬಂದ ದಿನದಿಂದ ಮುಖ ಊದಿಸ್ಕೊಂಡೇ ಇದ್ದಾಳೆ. ಇರಲಿ. ಮನೆಗೆ ಬಂದ್ಲಲ್ಲ, ಅಷ್ಟು ಸಾಕು." ಬಾಗಿಲ ಕಡೆ ನೋಡಿದರು. "ಇವತ್ತು ನಗ್ತಿದ್ದಾಳೆ ನೋಡಿ."

ನಾನೂ ನಕ್ಕೆ. ಅವರು ನನ್ನ ಕಡೆ ತಿರುಗಲಿಲ್ಲ.

ಹೊಟ್ಟೆಕಿಚ್ಚು ಎಂದು ಬರೆಯಲು ನಾಚಿಕೆಯಾಗುತ್ತದೆ. ಅದೂ ಯಾರ ಮೇಲೆ!

ಫೆಬ್ರವರಿ 28, ಶನಿವಾರ

ಸಂಜೆ ಬೇಗ ಬಂದೆ. ಮೆಟ್ಟಿಲು ಹತ್ತಿ ಕೀಲಿಕೈ ತೆಗೆದಿದ್ದೆ, ಒಳಗೆ ಮಾತು ಕೇಳಿಸಿತು. ಇವರು ಇನ್ನೂ ಮಲಗಿರುವ ಹೊತ್ತು. ಅಮ್ಮನ ದನಿ ಬಾಗಿಲಿಗೆ ತೀರ ಹತ್ತಿರದಲ್ಲಿತ್ತು, ಮರದ ಆಚೆಗೇ, ನನ್ನ ಎದೆಯ ಎತ್ತರಕ್ಕೆ.

"ಇನ್ನೊಂದು ತುತ್ತು. ಬಾಯಿ ತೆಗಿ. ಬೆಳಿಗ್ಗೆ ಏನೂ ತಿನ್ನದೆ ಓಡಿದ್ದೆ, ನಾನು ನೋಡ್ಲಿಲ್ಲ ಅಂದ್ಕೊಂಡ್ಯಾ? ಹಾಂ, ಜಾಣೆ."

ತಟ್ಟೆಯ ಸದ್ದು. ಬೆಳಿಗ್ಗೆ ನಾನು ಏನೂ ತಿನ್ನದೆ ಓಡಿದ್ದು ನಿಜ.

ಕೀಲಿಕೈ ಬೀಗದಲ್ಲಿ ತಿರುಗಿಸಿದರೆ ಸಾಕು, ಅವಳು ಗೋಡೆಯ ಕಡೆಗೆ ಸರಿದು ಹೋಗುತ್ತಾಳೆ. ತುತ್ತು ಹಿಡಿದ ಕೈ ಗಾಳಿಯಲ್ಲಿ ನಿಲ್ಲುತ್ತದೆ. ಆಮೇಲೆ ಅಮ್ಮ ನನ್ನನ್ನು ನೋಡುತ್ತಾರೆ. ಕೀಲಿಕೈ ಕೊಂಚ ಸದ್ದು ಮಾಡಿತೋ ಏನೋ.

"ಯಾರದು?"

"ನಾನು..." ಅಂದೆ. ಮುಂದೆ ಏನು ಹೇಳುವುದು? "ಅಳತೆ ಕೊಡೋಕೆ ಬಂದಿದ್ದೆ."

"ಸ್ವಲ್ಪ ತಾಳಮ್ಮ. ನಮ್ಮ ಹುಡುಗಿ ಊಟ ಮಾಡ್ತಾ ಇದ್ದಾಳೆ."

"ಆಯ್ತಮ್ಮ. ನಿಧಾನಕ್ಕೆ ಮಾಡಿಸಿ" ಅಂದೆ.

ಕೀಲಿಕೈ ಚೀಲಕ್ಕೆ ಹಾಕಿದೆ. ಮೆಟ್ಟಿಲ ಮೇಲೆ ಕೂತು, ನನ್ನ ಊಟ ಮುಗಿಯಲಿ ಎಂದು ಕಾದೆ. ತುಂಬಾ ಹಸಿವಾಗಿತ್ತು.